ಬಂಡೆ ಮೇಲಿನ ಚಿನ್ನಕ್ಕೆ ಇಪ್ಪತ್ತೈದೇ ನಿಮಿಷ: ಓದುಗರ ಕ್ಯಾಮೆರಾ ಪ್ರಶ್ನೆಗಳು

ಈ ಸಲ ಬಂದ ಪತ್ರ, ಮೆಸೇಜು ಎಲ್ಲ ರಾಶಿ ಹಾಕಿ ನೋಡಿದ್ರೆ ಅರ್ಧಕ್ಕರ್ಧ ಸಮುದ್ರದ್ದೇ. ಮಳೆ ಬಿಟ್ಟಿತಲ್ಲ, ದಸರಾ ರಜೆಗೆ ಘಟ್ಟದ ಮೇಲಿನವರೆಲ್ಲ ಕೆಳಗೆ ಇಳಿದಿದ್ದೀರಿ, ಎಲ್ಲರ ಹತ್ರನೂ ಕಿತ್ತಳೆ ಆಕಾಶ, ಕರಿ ಬಂಡೆ ಇರುವ ಒಂದೊಂದು ಫೋಟೋ ಉಂಟು, ಎಲ್ಲರಿಗೂ ಅದ್ರಲ್ಲಿ ಎಂತದೋ ಸರಿ ಬರ್ಲಿಲ್ಲ ಅಂತ ಕಾಣ್ತಾ ಉಂಟು. ಹಾಗಾಗಿ ಈ ಸಂಚಿಕೆ ಪೂರ್ತಿ ಕಲ್ಲು, ನೀರು, ಸಂಜೆ ಬಿಸಿಲಿಗೇ ಬಿಟ್ಟಿದ್ದೇನೆ. ಮದುವೆ ಫೋಟೋದವರು, ಹಕ್ಕಿ ಫೋಟೋದವರು ಮುಂದಿನ ತಿಂಗಳವರೆಗೆ ಸ್ವಲ್ಪ ಸುಧಾರಿಸ್ಕೊಳ್ಳಿ.

ಪ್ರಶ್ನೆ: ಸರ್, ನಾನು ಬ್ಯಾಂಕಲ್ಲಿ ಕೆಲಸ ಮಾಡೋದು. ಶುಕ್ರವಾರ ರಾತ್ರಿ ಬಸ್ ಹತ್ತಿ ಮೂರು ಸಲ ಕಾಪು ಬೀಚಿಗೆ ಹೋಗಿ ಬಂದೆ. ಕ್ಯಾಮೆರಾ ಜೊತೆ ಬಂದ 18-55 ಲೆನ್ಸೇ ಇರೋದು. ಪ್ರತಿ ಸಲ ಒಂದೇ ಕಥೆ, ಸೂರ್ಯ ಒಂದು ಬಿಳಿ ಚುಕ್ಕಿ, ಬಂಡೆ ಇದ್ದಿಲು. ಯೂಟ್ಯೂಬಲ್ಲಿ ತೋರಿಸ್ತಾರಲ್ಲ, ಕಲ್ಲಿನ ಮೇಲೆ ಚಿನ್ನದ ನೀರು ಹೊಯ್ದ ಹಾಗೆ, ಅದು ನನಗ್ಯಾಕೆ ಬರ್ತಿಲ್ಲ? ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ ತಗೊಳ್ಳಲೇಬೇಕಾ? (ದಾವಣಗೆರೆಯ ಓದುಗರು)

ಉತ್ತರ: ದಯವಿಟ್ಟು ಲೋನ್ ಮಾಡ್ಬೇಡಿ, ನೀವೇ ಬ್ಯಾಂಕಿನವರು, ನಿಮಗೆ ನಾನು ಹೇಳ್ಬೇಕಾ. ನೀವು ಕಳಿಸಿದ ಒಂಬತ್ತು ಫೋಟೋ ನೋಡಿದೆ, ಒಂಬತ್ತರಲ್ಲೂ ಸೂರ್ಯ ನಟ್ಟ ನಡುವೆ ಕೂತಿದ್ದಾನೆ. ಅಂದ್ರೆ ನೀವು ಸೂರ್ಯನನ್ನು ತೆಗೆದಿದ್ದೀರಿ, ಬಿಸಿಲನ್ನು ಬಿಟ್ಟು ಬಂದಿದ್ದೀರಿ. ನೀವು ದಡದಲ್ಲಿ ನಿಂತು ಪಶ್ಚಿಮಕ್ಕೆ ಮುಖ ಮಾಡಿದ್ರೆ ನಿಮ್ಮ ಕಣ್ಣಿಗೆ ಬೀಳೋದು ಬಂಡೆಯ ಪೂರ್ವದ ಬೆನ್ನು, ಅದು ನೆರಳು. ಚಿನ್ನ ಹೊಯ್ದದ್ದು ಆಚೆ ಬದಿಗೆ, ಅದನ್ನು ಮೀನುಗಳು ಮಾತ್ರ ನೋಡ್ತಾ ಇದ್ವು.

ಕಾಪುವಿನಲ್ಲೇ ಹೇಳ್ತೇನೆ, ನಿಮಗೆ ಜಾಗ ಗೊತ್ತುಂಟಲ್ಲ. 1901ರಲ್ಲಿ ಕಟ್ಟಿದ ಆ ದೀಪಸ್ತಂಭ ಒಂದು ದೊಡ್ಡ ಬಂಡೆ ತಲೆ ಮೇಲೇ ನಿಂತಿರೋದು. ನೀವು ಬಂಡೆಯಿಂದ ದಕ್ಷಿಣಕ್ಕೆ ಮರಳಲ್ಲಿ ಒಂದಷ್ಟು ದೂರ ನಡೆದು ಹೋಗಿ ಉತ್ತರಕ್ಕೆ ತಿರುಗಿ. ಈಗ ಸಮುದ್ರ ಎಡಕ್ಕೆ, ಸೂರ್ಯ ಎಡ ಹೆಗಲ ಪಕ್ಕ, ಬಂಡೆಯ ಎಡಕೆನ್ನೆಗೆ ಬಿಸಿಲು, ಬಲಕೆನ್ನೆಗೆ ನೆರಳು. ಹೀಗೆ ಪಕ್ಕದಿಂದ ಬಂದ ಬೆಳಕಲ್ಲೇ ಕಲ್ಲಿನ ಒಂದೊಂದು ತೂತು, ಒಂದೊಂದು ಗೀರು ಎದ್ದು ಕಾಣೋದು. ಸೂರ್ಯ ಫ್ರೇಮಿನಲ್ಲಿ ಇಲ್ಲವೇ ಇಲ್ಲ, ಆದ್ರೂ ನೋಡಿದವರಿಗೆ ಸಂಜೆ ಅಂತ ಗೊತ್ತಾಗ್ತದೆ.

ಇನ್ನೊಂದು ವಿಷಯ ನಾನು ಬಹಳ ತಡವಾಗಿ ಕಲಿತದ್ದು. ಒಣಗಿದ ಬಂಡೆ ಎಷ್ಟು ಬಿಸಿಲು ಬಿದ್ರೂ ಮಂಕೇ, ಹೊಳೆಯೋದು ಒದ್ದೆ ಬಂಡೆ. ತೆರೆ ಬಂದು ಬಂಡೆ ಹತ್ತಿ ವಾಪಸ್ ಇಳಿಯುವಾಗ ಕಲ್ಲಿನ ಮೇಲೆ ನೀರಿನ ತೆಳು ಪದರ ಒಂದು ಉಳೀತದಲ್ಲ, ಅದು ಕನ್ನಡಿ ತರ ಬೆಳಕನ್ನು ಎತ್ತಿ ಕೊಡ್ತದೆ, ಎರಡು ಮೂರು ಸೆಕೆಂಡು ಅಷ್ಟೇ, ಆಮೇಲೆ ನೀರು ಬಿರುಕಿಗೆ ಇಳಿದು ಮತ್ತೆ ಕರಿ. ತೆರೆ ಬಡಿಯುವಾಗ ಎಲ್ಲರೂ ಕ್ಲಿಕ್ ಮಾಡ್ತಾರೆ, ನೀವು ತೆರೆ ಬಡಿದು ಹಿಂದೆ ಹೋಗ್ಲಿಕ್ಕೆ ಶುರು ಮಾಡಿದ ಮೇಲೆ ಮಾಡಿ ನೋಡಿ. ಶಟರ್ ಅರ್ಧ ಸೆಕೆಂಡಿನಿಂದ ಒಂದು ಸೆಕೆಂಡು ಇಟ್ರೆ ಇಳಿಯುವ ನೀರು ಕಲ್ಲಿನ ಸಂದಿಯಲ್ಲಿ ಬಿಳಿ ನೂಲು ಎಳೆದ ಹಾಗೆ ಬರ್ತದೆ. ಟ್ರೈಪಾಡ್ ಬೇಕೇ ಬೇಕು ಅದಕ್ಕೆ. ಕ್ಯಾಮೆರಾಕ್ಕೆ ಹಾಕ್ಲಿಕ್ಕಿದ್ದ ದುಡ್ಡಲ್ಲಿ ಒಂದು ಗಟ್ಟಿ ಟ್ರೈಪಾಡ್ ತಗೊಳ್ಳಿ, ಲೆನ್ಸಿನ ಸ್ಟೆಬಿಲೈಸೇಶನ್ (ಕೈ ನಡುಕ ತಡೆಯುವ ಸ್ವಿಚ್ಚು) ಆಫ್ ಮಾಡಿ, ಎರಡು ಸೆಕೆಂಡಿನ ಟೈಮರ್ ಇಟ್ಟು ಒತ್ತಿ.

ಈಗ ಟೈಮಿನ ವಿಷಯ, ನೀವು ಎಡವಿದ್ದು ಅಲ್ಲಿಯೂ ಉಂಟು. ನೀವು ನೋಡುವ ವಿಡಿಯೋಗಳು ಹೆಚ್ಚಾಗಿ ಇಂಗ್ಲೆಂಡು, ನಾರ್ವೆ ಕಡೆಯವು, ಅವರು ಗೋಲ್ಡನ್ ಅವರ್, ಅಂದ್ರೆ ಚಿನ್ನದ ಬೆಳಕಿನ ಗಂಟೆ ಅಂತ ಹೇಳಿದ್ದನ್ನು ನಾವು ನಂಬಿ ಒಂದು ಗಂಟೆ ಉಂಟು ಅಂತ ಆರಾಮಾಗಿ ಚುರುಮುರಿ ತಿನ್ತಾ ಕೂತ್ಕೊಳ್ತೇವೆ. ನಮ್ಮ ಉಡುಪಿ ಇರೋದು ಭೂಮಧ್ಯರೇಖೆಯಿಂದ ಬರೀ 13 ಡಿಗ್ರಿ ಮೇಲೆ. ಇಲ್ಲಿ ಸೂರ್ಯ ಓರೆಯಾಗಿ ಜಾರೋದಿಲ್ಲ, ತೆಂಗಿನಕಾಯಿ ಬಿದ್ದ ಹಾಗೆ ಹೆಚ್ಚು ಕಡಿಮೆ ನೆಟ್ಟಗೆ ಇಳೀತಾನೆ, ಗಂಟೆಗೆ ಸುಮಾರು 14 ಡಿಗ್ರಿ. ಬೆಳಕು ನಿಜವಾಗಿ ಚಿನ್ನ ಆಗೋದು ಸೂರ್ಯ ದಿಗಂತದಿಂದ ಆರು ಡಿಗ್ರಿ ಒಳಗೆ ಬಂದ ಮೇಲೆ, ಲೆಕ್ಕ ಹಾಕಿ, ಇಪ್ಪತ್ತೈದು ನಿಮಿಷ. ಅಂಚು ನೀರಿಗೆ ತಾಗಿದ ಮೇಲೆ ಪೂರ್ತಿ ಮುಳುಗ್ಲಿಕ್ಕೆ ಎರಡು ನಿಮಿಷದ ಮೇಲೆ ಸ್ವಲ್ಪ. ಅಷ್ಟರಲ್ಲಿ ಜಾಗ ಹುಡುಕಿ, ಟ್ರೈಪಾಡ್ ಬಿಡಿಸಿ, ಕಾಲಿಗೆ ಹೊಕ್ಕ ಮರಳು ಕೊಡವಿ... ಆಗೋದಿಲ್ಲ ಮಾರಾಯ್ರೆ. ನಾಲ್ಕು ಗಂಟೆಗೇ ಹೋಗಿ, ಕ್ಯಾಮೆರಾ ಚೀಲದಿಂದ ತೆಗೀಬೇಡಿ, ಬರೀ ನಡೀರಿ, ಒಂದು ಬಂಡೆ ಆರಿಸಿ. ಒಂದೇ ಬಂಡೆ. ಆರು ಗಂಟೆಗೆ ಆ ಬಂಡೆ ಬಿಟ್ಟು ಬೇರೆ ಎಲ್ಲಿಗೂ ಓಡ್ಬೇಡಿ, ಆಚೆ ಬದಿ ಎಷ್ಟೇ ಚಂದ ಕಂಡ್ರೂ ಕೂಡ. ನಿಮ್ಮ ಫೋಟೋಗಳ ಟೈಮ್ ನೋಡಿದೆ, ಹನ್ನೊಂದು ನಿಮಿಷದಲ್ಲಿ ಐದು ಜಾಗ!

ಸೆಟ್ಟಿಂಗನ್ನೂ ಬರೀತೇನೆ, ಆದ್ರೆ ಇದು ಅಡುಗೆಗೆ ಉಪ್ಪು ಹಾಕಿದ ಹಾಗೆ, ರುಚಿ ನೋಡಿ ಹಾಕ್ಬೇಕು. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಲೆಕ್ಕ) 100, ಎಫ್ (ಲೆನ್ಸಿನ ಕಂಡಿಯ ಅಳತೆ, ನಂಬರ್ ಏರಿದಷ್ಟೂ ಕಂಡಿ ಸಣ್ಣ) 8 ಅಥವಾ ಎಫ್ 11. ಎಫ್ 22ಕ್ಕೆ ಹೋಗ್ಬೇಡಿ, ಎಲ್ಲ ಶಾರ್ಪ್ ಆಗ್ತದೆ ಅಂತ ನಂಬಿಕೆ ಉಂಟು, ಆಗೋದು ಉಲ್ಟಾ. ಸೂರ್ಯ ಮುಳುಗುವ ಹೊತ್ತಿಗೆ ಎಫ್ 11ರಲ್ಲಿ ಶಟರ್ 1/30ರ ಆಸುಪಾಸು ಬರ್ತದೆ, ಹತ್ತು ನಿಮಿಷ ಕಳೆದ ಮೇಲೆ 1/4ರ ಆಸುಪಾಸು. ಮೊದಲು ಹೇಳಿದ ಅರ್ಧ ಸೆಕೆಂಡು, ಒಂದು ಸೆಕೆಂಡು ಬೇಕಾದ್ರೆ ಇನ್ನೂ ಸ್ವಲ್ಪ ಕಾಯ್ಬೇಕು, ಇಲ್ಲದಿದ್ರೆ ಮುಂದೆ ಹೇಳುವ ಎನ್‌ಡಿ ಫಿಲ್ಟರ್ ಹಾಕ್ಬೇಕು. ಮತ್ತೆ ಸೂರ್ಯ ಮುಳುಗಿದ ಕೂಡ್ಲೇ ಬ್ಯಾಗ್ ಕಟ್ಟಬೇಡಿ, ಬೀಚಲ್ಲಿ ಎಲ್ಲರೂ ಚಪ್ಪಾಳೆ ಹೊಡೆದು ಎದ್ದು ಹೋಗ್ತಾರಲ್ಲ, ಆಮೇಲಿನ ಇಪ್ಪತ್ತು ನಿಮಿಷ ಉಂಟು ನೋಡಿ, ಬಂಡೆಗೆ ತಿಳಿ ಗುಲಾಬಿ ಬರ್ತದೆ, ನೀರಿಗೆ ನೀಲಿ. ಕ್ಯಾಮೆರಾ ಜೊತೆ ಬಂದ ನಿಮ್ಮ ಕಿಟ್ ಲೆನ್ಸಿಗೆ ಅದು ಸಾಕೋ ಸಾಕು.

ಪ್ರಶ್ನೆ: ನಮಸ್ಕಾರ್ರೀ ಸರ. ಇನ್‌ಸ್ಟಾಗ್ರಾಮ್‌ದಾಗ ಒಂದ್ ಫೋಟೋ ನೋಡಿದ್ದೆ, ಗೋಕರ್ಣ ಓಂ ಬೀಚ್‌ದಾಗ ಕರೇ ಬಂಡಿ ಸುತ್ತ ಸಣ್ಣ ಸಣ್ಣ ನೀರಿನ ಹೊಂಡ, ಒಳಗ ಆಕಾಶ ಕಾಣತೈತಿ. ಅದನ್ನ ತಗೀಬೇಕಂತ ಹುಬ್ಬಳ್ಳಿಂದ ಬೈಕ್ ಮ್ಯಾಲೆ ಹೋದ್ರ ಆ ಬಂಡೀನ ಇಲ್ಲ! ಕೇಳಿದ್ರ ನೀರಾಗ ಐತಿ ಅಂದ್ರು. ಇದೇನ್ರೀ? (ಹುಬ್ಬಳ್ಳಿಯ ಓದುಗರು)

ಉತ್ತರ: ಹೌದು, ಬಂಡೆ ಅಲ್ಲೇ ಇತ್ತು, ನೀವು ಹೋದದ್ದು ಭರತದ, ಅಂದ್ರೆ ನೀರು ಏರಿದ ಹೊತ್ತಿಗೆ. ಓಂ ಬೀಚಲ್ಲಿ ಎರಡು ಅರ್ಧಚಂದ್ರ ಸೇರುವ ಮೂಗಿನ ಹತ್ರ ಇರುವ ಬಂಡೆಗಳ ಆಟವೇ ಅದು, ನೀರು ಇಳಿದಾಗ ಒಂದು ಊರು, ಏರಿದಾಗ ಇನ್ನೊಂದು ಊರು. ನಮ್ಮ ಕರಾವಳಿಯಲ್ಲಿ ಉಬ್ಬರ-ಇಳಿತದ ವ್ಯತ್ಯಾಸ ದೊಡ್ಡದೇನಲ್ಲ, ಜಾಸ್ತಿ ಅಂದ್ರೆ ಒಂದೂವರೆ ಮೀಟರಿನ ಆಸುಪಾಸು, ಗುಜರಾತಿನ ಖಂಭಾತ್ ಕೊಲ್ಲಿಯ ಲೆಕ್ಕಕ್ಕೆ ಇದು ಎಂತದೂ ಅಲ್ಲ. ಆದ್ರೆ ಒಂದೂವರೆ ಮೀಟರ್ ಅಂದ್ರೆ ನಿಮ್ಮ ಕುತ್ತಿಗೆ ಮಟ್ಟ, ಆ ಹೊಂಡಗಳೆಲ್ಲ ಅದರೊಳಗೇ.

ವೀಕೆಂಡಿಗೆ ಬರುವವರು ಒಂದು ಲೆಕ್ಕ ನೆನಪಿಡಿ, ಬಹಳ ಉಪಯೋಗ ಬರ್ತದೆ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಮುಂದೆ ಹೋಗ್ತದೆ. ಏಳು ದಿನಕ್ಕೆ ಹತ್ತತ್ರ ಆರು ಗಂಟೆ ಆಯ್ತಲ್ಲ, ಭರತಕ್ಕೂ ಇಳಿತಕ್ಕೂ ಮಧ್ಯ ಇರೋದೂ ಆರೇ ಗಂಟೆ. ಅಂದ್ರೆ ಈ ಭಾನುವಾರ ಸಂಜೆ ಆರಕ್ಕೆ ಪೂರ್ತಿ ಇಳಿತ ಇದ್ರೆ ಮುಂದಿನ ಭಾನುವಾರ ಸಂಜೆ ಆರಕ್ಕೆ ಭರತ, ಅದರ ಮುಂದಿನ ಭಾನುವಾರ ಮತ್ತೆ ಇಳಿತ. ನೀವು ಫೋಟೋ ನೋಡಿ ಕರೆಕ್ಟಾಗಿ ಒಂದು ವಾರ ಬಿಟ್ಟು ಹೋಗಿರ್ಬೇಕು! ಫೋನಲ್ಲಿ ಟೈಡ್ ಟೇಬಲ್ ಆ್ಯಪ್ ಬೇಕಾದಷ್ಟು ಉಂಟು, ಕಾರವಾರದ್ದೋ ಮಂಗಳೂರಿನದ್ದೋ ಹತ್ತಿರದ ಬಂದರು ಹಾಕಿ ನೋಡಿ, ಇಳಿತ ಸೂರ್ಯಾಸ್ತಕ್ಕಿಂತ ಅರ್ಧ ಗಂಟೆ ಮೊದಲು ಬೀಳುವ ದಿನ ಆರಿಸಿ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸಲ್ಲಿ ನೀರು ಜಾಸ್ತಿ ಏರ್ತದೆ, ಜಾಸ್ತಿ ಇಳೀತದೆ. ಬೈಕಲ್ಲಿ ಬರುವವರು ಅಂತ ಹೇಳ್ತೇನೆ, ರಾತ್ರಿ ಘಟ್ಟ ಹತ್ತುವುದು ಬೇಡ, ಗೋಕರ್ಣದಲ್ಲೇ ಮಲಗಿ.

ಪ್ರಶ್ನೆ: ಸಂಜೆ ಬೆಳಕು ಕಣ್ಣಿಗೆ ಜೇನುತುಪ್ಪದ ಬಣ್ಣ ಕಾಣುತ್ತೆ, ಕ್ಯಾಮೆರಾದಲ್ಲಿ ಬಿಳಿ ಬಿಳಿ ಬರುತ್ತೆ. ಯಾಕೆ? (ಮೈಸೂರು)

ಉತ್ತರ: ಆಟೋ ವೈಟ್ ಬ್ಯಾಲೆನ್ಸ್. ಹಳದಿ ಜಾಸ್ತಿ ಆಯ್ತು ಅಂತ ಕ್ಯಾಮೆರಾ ತಾನೇ ಬುದ್ಧಿವಂತಿಕೆ ಮಾಡಿ ತೆಗೆದು ಹಾಕ್ತದೆ. ಡೇಲೈಟ್ ಅಂತ ಇಡಿ, ಬೇಕಾದ್ರೆ ಕ್ಲೌಡಿ. ರಾ ಫೈಲಲ್ಲಿ (ಕ್ಯಾಮೆರಾ ಬಣ್ಣ ತಿದ್ದದೆ ಹಾಗೇ ಇಡುವ ಫೈಲ್) ತೆಗೆದ್ರೆ ಮನೆಗೆ ಬಂದೂ ಸರಿ ಮಾಡ್ಬಹುದು, ಆದ್ರೆ ಅಲ್ಲಿ ಸ್ಕ್ರೀನಲ್ಲಿ ಬಣ್ಣ ಸರಿ ಕಂಡ್ರೆ ತೆಗೆಯುವ ಉಮೇದೇ ಬೇರೆ.

ಪ್ರಶ್ನೆ: ಸರ್, ನನ್ನ ಮಗ ಇಂಜಿನಿಯರಿಂಗ್ ಓದ್ತಿದಾನೆ, ಫೋಟೋ ಹುಚ್ಚು. ಮೊನ್ನೆ ಉಳ್ಳಾಲದ ಸೋಮೇಶ್ವರದಲ್ಲಿ ಬಂಡೆ ತುದಿಯಲ್ಲಿ ನಿಂತು ತೆಗೆದ ಫೋಟೋ ಸ್ಟೇಟಸ್‌ಗೆ ಹಾಕಿದ್ದ, ನೋಡಿ ನನಗೆ ಎದೆ ಒಡೆದೋಯ್ತು. ನಾನು ಹೇಳಿದ್ರೆ ಕೇಳಲ್ಲ. ನಿಮ್ಮ ಅಂಕಣ ಅವನು ತಪ್ಪದೆ ಓದ್ತಾನೆ, ನೀವಾದ್ರೂ ಹೇಳಿ. (ಶಿವಮೊಗ್ಗದ ಒಬ್ಬ ತಾಯಿ)

ಉತ್ತರ: ಅಮ್ಮ, ಇದನ್ನು ಅವನಿಗೇ ಬರೀತೇನೆ.

ನೋಡಪ್ಪ, ನೀನು ನಿಂತ ಬಂಡೆ ನನಗೆ ಗೊತ್ತುಂಟು, ದೇವಸ್ಥಾನದ ಹತ್ತಿರದ ಆ ರುದ್ರಶಿಲೆಯ ಬದಿ. ಅಲ್ಲೇ ನಾನೂ ನಿನ್ನ ಪ್ರಾಯದಲ್ಲಿ ಒಂದು ಕ್ಯಾಮೆರಾ ಕಳ್ಕೊಂಡಿದ್ದೇನೆ. ಐದೂ ಮುಕ್ಕಾಲು ಆಗಿತ್ತು, ಬೆಳಕು ಇಳೀತಾ ಇತ್ತು, ಅರ್ಧ ಗಂಟೆಯಿಂದ ನನ್ನ ಕಾಲಿನ ಹತ್ರ ಒಂದು ಹನಿ ನೀರು ಬಂದಿರ್ಲಿಲ್ಲ, ಹಾಗಾಗಿ ಬರೋದಿಲ್ಲ ಅಂತ ನಾನೇ ತೀರ್ಮಾನ ಮಾಡಿದ್ದೆ. ಬ್ಯಾಗಿನಿಂದ ಬಟ್ಟೆ ತೆಗೀಲಿಕ್ಕೆ ಬಗ್ಗಿದ್ದು, ಬೆನ್ನು ಸಮುದ್ರಕ್ಕೆ. ತೆರೆ ಬಂದ ಸದ್ದೂ ಕೇಳ್ಲಿಲ್ಲ, ಸೊಂಟದವರೆಗೆ ತಣ್ಣಗೆ ಆಯ್ತು, ತಿರುಗಿ ನೋಡ್ತೇನೆ, ಟ್ರೈಪಾಡಿನ ಮೂರು ಕಾಲು ಆಕಾಶ ನೋಡ್ತಾ ಉಂಟು, ಕ್ಯಾಮೆರಾ ಕೆಳಗೆ. ನಾನು ಹಿಡ್ಕೊಂಡದ್ದು ಕಲ್ಲಿಗೆ ಅಂಟಿದ ಚಿಪ್ಪುಗಳನ್ನು, ಅವು ಬ್ಲೇಡಿನ ಹಾಗೆ ಅಂಗೈ ಕೊಯ್ದವು, ಗುರುತು ಈಗ್ಲೂ ಉಂಟು, ಆದ್ರೆ ಅವೇ ನನ್ನನ್ನು ಹಿಡಿದು ನಿಲ್ಲಿಸಿದ್ದು.

ಮೇಲೆ ಬಂದ ಮೇಲೆ ಬೀಸುಬಲೆ ಹಿಡ್ಕೊಂಡು ನಿಂತಿದ್ದ ಒಬ್ಬ ಅಜ್ಜ, ಬೈಲಿಲ್ಲ, ನಗ್ಲೂ ಇಲ್ಲ, ಬಲೆ ಗಂಟು ಬಿಡಿಸ್ತಾನೇ ಕೇಳಿದ್ರು, "ಮಗಾ, ಕಲ್ಲು ಎಲ್ಲಿವರೆಗೆ ಒದ್ದೆ ಉಂಟು ಅಂತ ನೋಡಿ ನಿಂತದ್ದಾ ನೀನು?" ನಾನು ನೋಡಿರ್ಲಿಲ್ಲ. ಒದ್ದೆ ಇದ್ದ ಕಡೆಗೆ ಸಮುದ್ರ ಈಗಾಗ್ಲೇ ಒಂದು ಸಲ ಬಂದು ಹೋಗಿದೆ, ಮತ್ತೆ ಬಂದೇ ಬರ್ತದೆ, ಅಷ್ಟು ಸುಲಭದ ವಿಷಯ. ಹಾವಸೆ ಹಸಿರು ಇದ್ರಂತೂ ಅದು ದಿನಾ ಬರುವ ಮನೆ. ಅವತ್ತಿನಿಂದ ನಾನು ಯಾವ ಬಂಡೆಗೆ ಹೋದ್ರೂ ಮೊದಲು ಹದಿನೈದು ಇಪ್ಪತ್ತು ನಿಮಿಷ ದೂರ ಕೂತು ನೋಡ್ತೇನೆ, ಅತಿ ದೊಡ್ಡ ತೆರೆ ಎಲ್ಲಿವರೆಗೆ ಬಂತು ಅಂತ, ಅದರಿಂದ ಇನ್ನೂ ಮೇಲೆ ಟ್ರೈಪಾಡ್ ಇಡ್ತೇನೆ. ಸಮುದ್ರಕ್ಕೆ ಬೆನ್ನು ಹಾಕೋದಿಲ್ಲ. ಭರತ ಏರುವ ಹೊತ್ತಲ್ಲಿ ನಡುವೆ ನೀರು ತುಂಬಿ ವಾಪಸ್ ದಾರಿ ಹೋಗುವಂಥ ಬಂಡೆಗೆ ದಾಟೋದೇ ಇಲ್ಲ. ಹೈದರಾಬಾದಿನ ಇನ್‌ಕಾಯಿಸ್, ಅಂದ್ರೆ ಸಾಗರ ಮಾಹಿತಿ ಕೇಂದ್ರ, ಎತ್ತರದ ಅಲೆಗಳ ಮುನ್ಸೂಚನೆ ಕೊಡ್ತದೆ, ಗಾಳಿ ಇಲ್ಲದ ದಿನವೂ ದೂರದ ಸಮುದ್ರದಲ್ಲಿ ಎದ್ದ ಅಲೆ ಇಲ್ಲಿವರೆಗೆ ಬರುವುದುಂಟು, ಹೊರಡುವ ಮೊದಲು ಅದನ್ನು ನೋಡು. ಮಳೆಗಾಲದಲ್ಲಿ ಬರ್ಲೇಬೇಡ, ಜೂನ್ ಜುಲೈಯಲ್ಲಿ ಯಾಂತ್ರಿಕ ಬೋಟಿನವರೇ ಮೀನು ಹಿಡಿಯದೆ 61 ದಿನ ಕೂತಿರ್ತಾರೆ, ನಿನಗೆ ಅವಾಗ ಬಂಡೆ ಮೇಲೆ ಎಂತ ಕೆಲಸ?

ಮತ್ತೆ, ಎಲ್ಲಿಂದ ತೆಗೆದದ್ದು ಅಂತ ಫೋಟೋ ನೋಡಿದವರು ಯಾರೂ ಕೇಳೋದಿಲ್ಲ. ನೀನು ತುದಿಯಿಂದ ತೆಗೆದ ಫೋಟೋನೂ ನೋಡಿದೆ, ಅಮ್ಮ ಕಳಿಸಿದ್ರು. ಹತ್ತು ಹೆಜ್ಜೆ ಹಿಂದೆ ನಿಂತಿದ್ರೆ ಎದುರಿಗೆ ಒಂದು ಚಂದದ ಕಲ್ಲು ಸಿಕ್ತಿತ್ತು, ಈಗ ಬರೀ ನೀರು ಮಾತ್ರ ಉಂಟು.

ಪ್ರಶ್ನೆ: ಹಾಯ್ ಸರ್, ಐಟಿ, ಬೆಂಗಳೂರು. ಎನ್‌ಡಿ, ಸಿಪಿಎಲ್, ಗ್ರಾಡ್ ಎನ್‌ಡಿ, ಮೂರೂ ಫಿಲ್ಟರ್ ಇರೋ ಕಿಟ್ ಆಫರಲ್ಲಿ ಇದೆ. ತಗೊಳ್ಲಾ? ಯಾವುದು ಯಾವಾಗ?

ಉತ್ತರ: ತಗೊಂಡ ಮೇಲೆ ಅದು ಬ್ಯಾಗಲ್ಲೇ ಇರ್ತದೆ, ನನ್ನ ಅನುಭವ. ಆದ್ರೂ ಕೇಳಿದ್ದೀರಿ.

ಒಂದೇ ತಗೊಳ್ಳುವುದಾದ್ರೆ ಆರು ಸ್ಟಾಪಿನ ಎನ್‌ಡಿ, ಅಂದ್ರೆ ಬೆಳಕು ಕಡಿಮೆ ಮಾಡ್ಲಿಕ್ಕೆ ಲೆನ್ಸಿನ ಮುಂದೆ ಹಾಕುವ ಕಪ್ಪು ಗಾಜು. ಆರು ಸ್ಟಾಪ್ ಅಂದ್ರೆ 64 ಪಾಲಲ್ಲಿ ಒಂದು ಪಾಲು ಬೆಳಕು, 1/30 ಇದ್ದ ಶಟರ್ ಎರಡು ಸೆಕೆಂಡು ಆಗ್ತದೆ, ಬಂಡೆ ಮೇಲಿಂದ ಇಳಿಯುವ ನೀರಿಗೆ ಅದು ಹದ. ಹತ್ತು ಸ್ಟಾಪಿನದ್ದು ಹಾಕಿದ್ರೆ ಅದೇ 1/30 ಅರ್ಧ ನಿಮಿಷ ದಾಟ್ತದೆ, ಸಮುದ್ರ ಹೋಗಿ ಮಂಜಾಗ್ತದೆ, ಕೆಲವರಿಗೆ ಅದೇ ಇಷ್ಟ. ನನಗೆ ಅದು ಸಮುದ್ರ ಅಂತ ಅನ್ನಿಸೋದಿಲ್ಲ, ಹಾಲು ಚೆಲ್ಲಿದ ಹಾಗೆ, ತೆರೆ ಇಲ್ಲದ ಅರಬ್ಬಿ ಸಮುದ್ರ ಯಾವನಿಗೆ ಬೇಕು.

ಸಿಪಿಎಲ್, ಅಂದ್ರೆ ತಿರುಗಿಸಿ ಹೊಳಪು ತೆಗೆಯುವ ಪೋಲರೈಸರ್ ಗಾಜು, ಅದರ ವಿಷಯದಲ್ಲಿ ಜಾಗ್ರತೆ. ಸೂರ್ಯನಿಗೆ ಎದುರಾಗಿ ಹಿಡಿದ್ರೆ ಆಕಾಶಕ್ಕೆ ಅದ್ರಿಂದ ಎಂತದೂ ಆಗೋದಿಲ್ಲ, ಸೂರ್ಯನಿಂದ 90 ಡಿಗ್ರಿ ಪಕ್ಕಕ್ಕೆ ತಿರುಗಿದ್ರೆ ಮಾತ್ರ ಅದರ ಪೂರ್ತಿ ಕೆಲಸ. ಹೊಂಡದ ನೀರಿನ ಪ್ರತಿಫಲನ ತೆಗೆದು ತಳದ ಕಲ್ಲು ತೋರಿಸ್ಬೇಕು ಅಂದ್ರೆ ಒಳ್ಳೇದು. ಆದ್ರೆ ಒದ್ದೆ ಬಂಡೆಯ ಹೊಳಪೂ ಪ್ರತಿಫಲನವೇ ಅಲ್ವಾ, ನೋಡದೆ ತಿರುಗಿಸಿದ್ರೆ ನೀವು ಮುನ್ನೂರು ನಾನೂರು ಕಿಲೋಮೀಟರ್ ಬಂದದ್ದು ಯಾವ ಚಿನ್ನಕ್ಕೋ ಅದನ್ನೇ ಒರೆಸಿ ಹಾಕ್ತದೆ. ಗ್ರಾಡ್ ಎನ್‌ಡಿ, ಅಂದ್ರೆ ಮೇಲರ್ಧ ಕಪ್ಪು ಇರೋದು, ದಿಗಂತ ಸೀದಾ ಗೆರೆ ಇದ್ರೆ ಚಂದ, ಬಂಡೆಯೋ ದೀಪಸ್ತಂಭವೋ ಗೆರೆ ದಾಟಿ ಮೇಲೆ ಬಂದ್ರೆ ಅದರ ತಲೆಗೆ ಮಸಿ. ಅಂಥಲ್ಲಿ ಆಕಾಶಕ್ಕೊಂದು, ಕಲ್ಲಿಗೊಂದು ಬೇರೆ ಬೇರೆ ಎಕ್ಸ್‌ಪೋಶರ್ ತೆಗೆದು ಆಮೇಲೆ ಸೇರಿಸಿ.

ಪ್ರಶ್ನೆ: ನನ್ನ ಹತ್ರ ಮೊಬೈಲ್ ಮಾತ್ರ ಇರೋದು ಅಣ್ಣ, ಅದೂ ಎರಡು ವರ್ಷ ಹಳೇದು. ಮಲ್ಪೆಗೆ ಕಾಲೇಜ್ ಟ್ರಿಪ್ ಹೋಗ್ತಿದೀವಿ. ಏನಾದ್ರೂ ಮಾಡ್ಬಹುದಾ? (ತುಮಕೂರಿನ ವಿದ್ಯಾರ್ಥಿನಿ)

ಉತ್ತರ: ಧಾರಾಳ ಮಾಡ್ಬಹುದು ತಂಗಿ. ಮೊದಲು ಲೆನ್ಸ್ ಒರೆಸು, ಸಮುದ್ರದ ಹತ್ರ ಐದು ನಿಮಿಷ ಓಡಾಡಿದ್ರೆ ಉಪ್ಪಿನ ಪೊರೆ ಕೂರ್ತದೆ, ಮಂಜು ಮಂಜು ಫೋಟೋಕ್ಕೆ ಅರ್ಧ ಕಾರಣ ಅದೇ, ಫೋನಿನ ತಪ್ಪಲ್ಲ. ಚೂಡಿದಾರದ ದುಪಟ್ಟಾ ಅಂಚು ಸಾಕು, ಮರಳು ಇರ್ಬಾರ್ದು ಅಷ್ಟೇ. ಜೂಮ್ ಮಾಡ್ಬೇಡ, ವೈಡ್ ಲೆನ್ಸಿಗೂ ಹೋಗ್ಬೇಡ, ಮೇನ್ ಕ್ಯಾಮೆರಾದಲ್ಲೇ ತೆಗಿ. ಸ್ಕ್ರೀನಲ್ಲಿ ಬೆಳಕು ಜಾಸ್ತಿ ಇರುವ ಆಕಾಶದ ಮೇಲೆ ಬೆರಳು ಒತ್ತಿ ಹಿಡಿದ್ರೆ ಹೆಚ್ಚಿನ ಫೋನಲ್ಲಿ ಲಾಕ್ ಆಗ್ತದೆ, ಆಮೇಲೆ ಕೆಳಗೆ ಎಳೆದು ಸ್ವಲ್ಪ ಕತ್ತಲೆ ಮಾಡು. ಕತ್ತಲೆ ಆದದ್ದನ್ನು ಮನೆಗೆ ಬಂದು ಎತ್ತಬಹುದು, ಬೆಂದು ಬಿಳಿಯಾದ ಆಕಾಶಕ್ಕೆ ಔಷಧಿ ಇಲ್ಲ.

ಟ್ರೈಪಾಡ್ ಬೇಡ, ಒಂದು ಚಪ್ಪಲಿ ಕಳಚಿ ಮರಳಲ್ಲಿ ಊರಿ ಅದಕ್ಕೆ ಫೋನ್ ಒರಗಿಸು, ಮೂರು ಸೆಕೆಂಡ್ ಟೈಮರ್ ಹಾಕು. ನೆಲದಿಂದ ಒಂದು ಗೇಣು ಮೇಲೆ ಕ್ಯಾಮೆರಾ ಬಂತಲ್ಲ, ಈಗ ಅಂಗೈ ಅಗಲದ ಕಲ್ಲೂ ಗುಡ್ಡ ಆಗ್ತದೆ, ಚೂರು ನೀರಲ್ಲಿ ಇಡೀ ಆಕಾಶ ಬೀಳ್ತದೆ. ಐಫೋನ್ ಇರುವ ಫ್ರೆಂಡ್ ಇದ್ರೆ ಲೈವ್ ಫೋಟೋ ತೆಗೆದು ಆಮೇಲೆ ಲಾಂಗ್ ಎಕ್ಸ್‌ಪೋಶರ್ ಅಂತ ಆರಿಸ್ಲಿಕ್ಕೆ ಹೇಳು, ನೀರು ರೇಷ್ಮೆ ಆಗ್ತದೆ.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೂ ಹೋಗ್ತೀರಿ ಅಂತ ಗ್ಯಾರಂಟಿ. ಒಂದು ಬೇಜಾರಿನ ವಿಷಯ, ಅಲ್ಲಿ ಸೂರ್ಯಾಸ್ತ ಸಿಗೋದಿಲ್ಲ, ಅದಕ್ಕೆ ಮುಂಚೆನೇ ಬೋಟಿಗೆ ಹತ್ತಿಸ್ತಾರೆ, ರಾತ್ರಿ ಉಳೀಲಿಕ್ಕೂ ಬಿಡೋದಿಲ್ಲ. ಕೊನೇ ಬೋಟ್ ಎಷ್ಟಕ್ಕೆ ಅಂತ ಹೋಗುವಾಗಲೇ ಕೇಳಿಟ್ಟುಕೊಂಡು ಸಾಧ್ಯವಾದಷ್ಟು ತಡವಾಗಿ ಹೋಗಿ ಅದರಲ್ಲೇ ಬನ್ನಿ. ನಾಲ್ಕೂವರೆಯ ಬಿಸಿಲಿಗೂ ಆ ಕಂಬದ ಕಲ್ಲುಗಳ ಒಂದು ಮುಖ ಬೆಳಗ್ತದೆ, ಪಕ್ಕದ ಮುಖ ನೆರಳು, ಷಟ್ಕೋನ ಎಲ್ಲ ಗೆರೆ ಎಳೆದ ಹಾಗೆ ಕಾಣ್ತದೆ.

ಪ್ರಶ್ನೆ: ನಮಸ್ಕಾರ, ನಾನು ಕುಂದಾಪುರದವನು, ಈಗ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿದ್ದೇನೆ. ಇಲ್ಲಿ ಸಮುದ್ರದಂಚಿನ ಕಲ್ಲುಕಂಬಗಳ ಜಾಗ ಜೈಂಟ್ಸ್ ಕಾಸ್‌ವೇ ನೋಡಿದಾಗ ನಮ್ಮ ಸೇಂಟ್ ಮೇರೀಸ್ ನೆನಪಾಗಿ ಗಂಟಲು ಕಟ್ಟಿತು. ಎರಡೂ ಒಂದೇನಾ? ಇಲ್ಲಿ ಸಂಜೆ ಬೆಳಕಿಗೆ ಯಾವಾಗ ಹೋಗಬೇಕು?

ಉತ್ತರ: ಕುಂದಾಪ್ರದವ್ರೇ, ನಿಮ್ಮ ಪತ್ರ ನೋಡಿ ನನಗೆ ಖುಷಿಯಾಯ್ತು. ಎರಡೂ ಒಂದೇ ಹೊಟ್ಟೆಯವಲ್ಲ, ಒಂದೇ ತರ ಬೆಳೆದವು. ಲಾವಾ ತಣ್ಣಗಾಗುವಾಗ ಕುಗ್ಗಿ, ಕೆರೆ ಕೆಸರು ಒಣಗಿ ಬಿರಿದ ಹಾಗೆ ಬಿರುಕು ಬಿಟ್ಟು, ಆ ಬಿರುಕು ಕೆಳಗೆ ಕೆಳಗೆ ಇಳಿದು ಕಂಬ ಆದದ್ದು. ಅಲ್ಲಿನದು ಬಸಾಲ್ಟ್ ಅನ್ನುವ ಕರಿ ಲಾವಾ ಕಲ್ಲು, ಸುಮಾರು ಆರು ಕೋಟಿ ವರ್ಷದ್ದು, ಕಂಬಗಳು 40 ಸಾವಿರದಷ್ಟು. ನಮ್ಮದನ್ನೂ ಜನ ಬಸಾಲ್ಟ್ ಅಂತ್ಲೇ ಕರೆಯೋದು, ಆದ್ರೆ ಭೂವಿಜ್ಞಾನಿಗಳು ಅದನ್ನು ರಯೋಲೈಟ್ ಜಾತಿಗೆ ಸೇರಿಸ್ತಾರೆ, ಪ್ರಾಯ ಸುಮಾರು 8.8 ಕೋಟಿ ವರ್ಷ, ಮಡಗಾಸ್ಕರ್ ನಮ್ಮಿಂದ ಬೇರೆ ಆಗುವ ಕಾಲದ್ದು. ಹಾಗೆ ನೋಡಿದ್ರೆ ನಮ್ಮದೇ ಅಣ್ಣ!

ಬೆಳಕಿನ ವಿಷಯದಲ್ಲಿ ಮಾತ್ರ ನೀವು ಪುಣ್ಯವಂತರು. ನೀವು 55 ಡಿಗ್ರಿ ಉತ್ತರದಲ್ಲಿದ್ದೀರಿ, ಅಲ್ಲಿ ಸೂರ್ಯ ಜಾರುಬಂಡೆಯಲ್ಲಿ ಜಾರಿದ ಹಾಗೆ ಓರೆಯಾಗಿ ಇಳಿಯೋದು, ಆ ಆರು ಡಿಗ್ರಿಗೆ ಮಾರ್ಚ್, ಸೆಪ್ಟೆಂಬರಲ್ಲಿ 40 ನಿಮಿಷದ ಮೇಲೆ, ಜೂನಲ್ಲಿ ಹೆಚ್ಚು ಕಡಿಮೆ ಒಂದು ಗಂಟೆ. ಅಲ್ಲಿನ ದಡ ಉತ್ತರಕ್ಕೆ ಮುಖ ಮಾಡಿದೆ ಅನ್ನೋದು ನೆನಪಿರ್ಲಿ. ಜೂನಲ್ಲಿ ಸೂರ್ಯ ವಾಯವ್ಯಕ್ಕೆ, ಅಂದ್ರೆ ಸಮುದ್ರದ ಕಡೆಗೆ ರಾತ್ರಿ ಹತ್ತಕ್ಕೆ ಮುಳುಗ್ತಾನೆ, ಕಂಬಗಳ ತಲೆಗೆ ಓರೆ ಬೆಳಕು ಸಿಗ್ತದೆ. ಚಳಿಗಾಲದಲ್ಲಿ ನೈಋತ್ಯಕ್ಕೆ ಹೋಗಿ ನೆಲದ ಹಿಂದೆ ಅಡಗ್ತಾನೆ, ಆಗ ಹೋದ್ರೆ ಕಂಬಗಳು ನೆರಳಲ್ಲೇ.

ಇಲ್ಲಿನವರಿಗೂ ಅದೇ ಪಾಠ ಸಣ್ಣ ಪ್ರಮಾಣದಲ್ಲಿ ಉಂಟು. ನಮ್ಮಲ್ಲಿ ಸೂರ್ಯ ಮುಳುಗುವ ಜಾಗ ಜೂನಲ್ಲಿ ನೇರ ಪಶ್ಚಿಮದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ, ಡಿಸೆಂಬರಲ್ಲಿ ಅಷ್ಟೇ ದಕ್ಷಿಣಕ್ಕೆ. ಜನವರಿಯಲ್ಲಿ ಬಂಡೆಗಳ ಸಂದಿಯಲ್ಲಿ ಸೂರ್ಯ ಸಿಕ್ಕಿದ ಅಂತ ಏಪ್ರಿಲಲ್ಲಿ ಅದೇ ಜಾಗದಲ್ಲಿ ಹೋಗಿ ಕಾದ್ರೆ ಸಿಗೋದಿಲ್ಲ. ಹೊತ್ತೂ ಬದಲಾಗ್ತದೆ, ಉಡುಪಿಯಲ್ಲಿ ನವೆಂಬರ್ ಕೊನೆಗೆ ಆರು ಗಂಟೆಗೇ ಮುಳುಗಿದ್ರೆ ಜುಲೈ ಮೊದಲಲ್ಲಿ ಏಳಕ್ಕೆ. ಮತ್ತೆ ಜನವರಿ ಫೆಬ್ರವರಿಯಲ್ಲಿ ದಿಗಂತದಲ್ಲಿ ಧೂಳು ಮಬ್ಬು ಎಷ್ಟಿರ್ತದೆ ಅಂದ್ರೆ ಎಷ್ಟೋ ಸಂಜೆ ಸೂರ್ಯ ನೀರು ಮುಟ್ಟುವ ಮೊದಲೇ ಬೆಳ್ಳಗೆ ಕರಗಿ ಹೋಗ್ತಾನೆ. ನನಗೆ ಅಕ್ಟೋಬರ್ ಇಷ್ಟ, ಮಳೆ ತೊಳೆದ ಗಾಳಿ, ಉಳಿದ ಒಂದೆರಡು ಮೋಡ.

ಪ್ರಶ್ನೆ: ಎದುರಿನ ಕಲ್ಲು ಶಾರ್ಪ್ ಇದ್ರೆ ಹಿಂದಿನ ದಿಗಂತ ಮಂಜು, ದಿಗಂತ ಶಾರ್ಪ್ ಇದ್ರೆ ಕಲ್ಲು ಮಂಜು. ಫೋಕಸ್ ಎಲ್ಲಿಗೆ ಮಾಡೋದು? (ಹೊನ್ನಾವರ)

ಉತ್ತರ: ಕಿಟ್ ಲೆನ್ಸಲ್ಲಿ 18 ಎಂಎಂ, ಎಫ್ 8 ಇಟ್ಟು ಎರಡು ಮೀಟರ್ ದೂರದ ಕಲ್ಲಿಗೆ ಫೋಕಸ್ ಮಾಡಿ ಮ್ಯಾನುಯಲ್‌ಗೆ ಹಾಕಿ ಬಿಡಿ. ಒಂದು ಮೀಟರಿನಿಂದ ಹಿಡಿದು ದಿಗಂತದವರೆಗೆ ಎಲ್ಲ ಒಪ್ಪುವ ಹಾಗೆ ಬರ್ತದೆ. ಫುಲ್ ಫ್ರೇಮಿನವರು 16 ಎಂಎಂ, ಎಫ್ 11ರಲ್ಲಿ ಒಂದು ಮೀಟರಿಗಿಂತ ಸ್ವಲ್ಪ ಹತ್ತಿರ. ದೂರ ಅಳೀಲಿಕ್ಕೆ ಟೇಪ್ ಬೇಡ, ನೀವು ಮಲಗಿದ್ರೆ ಎಷ್ಟು ಉದ್ದವೋ ಅದಕ್ಕಿಂತ ಒಂದು ಗೇಣು ಜಾಸ್ತಿ, ಅಷ್ಟೇ.

ಪ್ರಶ್ನೆ: ಬೀಚಿಗೆ ಹೋಗಿ ಬಂದ ಮೇಲೆ ಟ್ರೈಪಾಡಿನ ಕಾಲು ತಿರುಗಿಸಿದ್ರೆ ಕರ ಕರ ಶಬ್ದ. (ಕಾಸರಗೋಡು)

ಉತ್ತರ: ಮರಳು. ಕಾಲು ಪೂರ್ತಿ ಬಿಚ್ಚಿ ಸಿಹಿನೀರಲ್ಲಿ ತೊಳೆದು, ಎಲ್ಲ ಎಳೆದು ಬಿಡಿಸಿಟ್ಟು ನೆರಳಲ್ಲಿ ಒಣಗಿಸಿ, ಒದ್ದೆ ಇರುವಾಗ ಮಡಚಬೇಡಿ. ಅವತ್ತು ರಾತ್ರಿಯೇ ಮಾಡ್ಬೇಕು, ನಾಳೆ ಅಂದ್ರೆ ಉಪ್ಪು ಹಿಡೀತದೆ. ನೀರಲ್ಲಿ ನಿಲ್ಲಿಸುವಾಗ ಅತಿ ಕೆಳಗಿನ ತುಂಡನ್ನೂ ಒಂದಷ್ಟು ಎಳೆದಿಡಿ, ಕೀಲು ನೀರಿನಿಂದ ಮೇಲೆ ಇರ್ತದೆ. ಮರಳಲ್ಲಾದ್ರೆ ಮೊದಲೇ ಒತ್ತಿ ಊರಿ, ಇಲ್ಲದಿದ್ರೆ ತೆರೆ ಬಂದಾಗ ಕಾಲಡಿ ಮರಳು ಜಾರಿ ಫೋಟೋ ಮಧ್ಯದಲ್ಲೇ ಕೂತು ಬಿಡ್ತದೆ. ಕ್ಯಾಮೆರಾ ಬಾಡಿಗೆ ಮಾತ್ರ ಪೈಪ್ ಹಿಡೀಬೇಡಿ ಮತ್ತೆ, ಒದ್ದೆ ಬಟ್ಟೆ ಹಿಂಡಿ ಒರೆಸಿ ಸಾಕು. (ಹಿಡಿದವರು ಒಬ್ಬರು ಇದ್ದಾರೆ, ಕಳೆದ ವರ್ಷ ಪತ್ರ ಬರೆದಿದ್ರು.)

ಪ್ರಶ್ನೆ: ಕಾರವಾರದಲ್ಲಿ ಬಂಡೆ ಮೇಲಿಂದ ಡ್ರೋನ್ ಹಾರಿಸಬಹುದಾ?

ಉತ್ತರ: ಅಲ್ಲಿ ಕದಂಬ ನೌಕಾನೆಲೆ ಉಂಟು, ಆಚೆ ಕೈಗಾ ಅಣುಸ್ಥಾವರ ಉಂಟು. ಮೊದಲು ಸರಕಾರದ ಡ್ರೋನ್ ಸೈಟ್ ಡಿಜಿಟಲ್ ಸ್ಕೈಯ ಮ್ಯಾಪ್ ನೋಡಿ, ಕೆಂಪು ಇದ್ರೆ ಡ್ರೋನ್ ಕಾರಿನಿಂದ ಇಳಿಸಲೇಬೇಡಿ.

ಪ್ರಶ್ನೆ: ನಾನು ಫೋಟೋ ತೆಗೆಯುವಾಗ ಮನೆಯವಳು ಬೋರ್ ಹೊಡೀತಾ ಕೂತಿರ್ತಾಳೆ, ಮುಂದಿನ ಸಲ ಬರಲ್ಲ ಅಂದಿದಾಳೆ. ಪರಿಹಾರ? (ಹಾಸನ)

ಉತ್ತರ: ಅವರನ್ನು ಫೋಟೋದೊಳಗೆ ಕರೀರಿ. ನೀವು ತೆಗೆದ ಬಂಡೆ ಆಳೆತ್ತರದ್ದೋ ಆನೆಯೆತ್ತರದ್ದೋ ನೋಡುವವರಿಗೆ ಗೊತ್ತಾಗೋದಿಲ್ಲ, ಒಬ್ಬ ಮನುಷ್ಯರು ಪಕ್ಕದಲ್ಲಿ ನಿಂತ್ರೆ ಗೊತ್ತಾಗ್ತದೆ. ಒಣಗಿದ, ಎತ್ತರದ, ಹಿಂದೆ ಜಾಗ ಇರುವ ಬಂಡೆ ನೋಡಿ ನಿಲ್ಲಿಸಿ, ಸಮುದ್ರಕ್ಕೆ ಅರ್ಧ ತಿರುಗಿ ನಿಲ್ಲಲಿ, ಕೂದಲ ಅಂಚಿಗೆ, ಸೀರೆ ಸೆರಗಿಗೆ ಬೆಳಕಿನ ಗೆರೆ ಬರ್ತದೆ. ಇಲ್ಲಿ ಒಂದು ಸೆಕೆಂಡಿನ ಶಟರ್ ಬೇಡ, ಗಾಳಿಗೆ ಸೆರಗು ನಿಲ್ಲೋದಿಲ್ಲ, ಐಎಸ್‌ಒ 400ಕ್ಕೆ ಏರಿಸಿ ಎಫ್ ನಂಬರ್ 5.6ಕ್ಕೆ ಇಳಿಸಿ 1/250 ಮಾಡ್ಕೊಳ್ಳಿ, ಅದೂ ಸೂರ್ಯ ಇನ್ನೂ ಮೇಲಿರುವಾಗಲೇ. ಅವರ ಫೋಟೋ ಮೊದಲು ತೆಗೆದು ತೋರಿಸಿ, ಕಲ್ಲಿನದ್ದು ಆಮೇಲೆ.